ಮಳೆ ತೊಳೆದ ಧೂಳು ಎಲ್ಲಿಗೆ ಹೋಗುತ್ತದೆ? ಕೋಲಾರದ ಗಣಿನಾಡಿನಲ್ಲಿ ಪಾಪಕ್ಷಮೆ ಮತ್ತು ಶುದ್ಧೀಕರಣದ ವಿಚಾರ

ಪೀಠಿಕೆ

ಪಾಪಕ್ಷಮೆಯನ್ನು ಕುರಿತು ಪ್ರಸಂಗ ಮಾಡುವಾಗ ನಿಸರ್ಗದಿಂದ ದೃಷ್ಟಾಂತಗಳನ್ನು ಆರಿಸಿಕೊಳ್ಳುವುದು ನಮ್ಮ ಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಬೇಸಿಗೆಯೆಲ್ಲ ಧೂಳು ಹೊದ್ದಿದ್ದ ಹುಣಿಸೆಯ ಎಲೆ ಮೊದಲ ಮಳೆಗೆ ಹಸುರಾಗಿ ಹೊಳೆಯುವಂತೆ ದೇವರ ಕೃಪೆಯು ಪಾಪಿಯನ್ನು ತೊಳೆಯುತ್ತದೆ ಎಂದು ನಾವು ಹೇಳುತ್ತೇವೆ. ದೃಷ್ಟಾಂತವು ಸರಳವಾದದ್ದು, ಕೇಳುವವರ ಮನಸ್ಸಿಗೆ ಬೇಗನೆ ಮುಟ್ಟುವಂಥದು. ಸತ್ಯವೇದವೇ ಮಳೆ, ಹಿಮ, ನದಿ, ಬೆಂಕಿ ಮೊದಲಾದವುಗಳ ಮೂಲಕ ಕ್ಷಮೆಯ ವಿಷಯವನ್ನು ಹೇಳಿರುವುದರಿಂದ ಈ ಪದ್ಧತಿಗೆ ಆಧಾರವೂ ಉಂಟು.

ಆದರೆ ಇದೇ ದೃಷ್ಟಾಂತವನ್ನು ಕೋಲಾರದ ಚಿನ್ನದ ಗಣಿ ಪ್ರದೇಶದ ಒಂದು ದೇವಾಲಯದಲ್ಲಿ ಹೇಳುವ ಸಭಾಪಾಲಕರು ಒಂದು ಪ್ರಶ್ನೆಗೆ ಸಿದ್ಧರಾಗಿರಬೇಕು. ಅಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ, ಕೋರಮಂಡಲಗಳ ನಡುವೆ ಬೂದುಬಣ್ಣದ ದಿಬ್ಬಗಳು ನಿಂತಿವೆ. ಊರಿನವರು ಅವುಗಳನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಅದಿರಿನಿಂದ ಬಂಗಾರವನ್ನು ತೆಗೆದ ಮೇಲೆ ಉಳಿದ ನುಣ್ಣನೆಯ ಕಲ್ಲುಪುಡಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸುರಿಯಲಾಯಿತು. ಆಷಾಢದ ಗಾಳಿ ಎದ್ದಾಗ ಆ ಪುಡಿ ಮನೆಗಳ ಹಂಚಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಬಾವಿಯ ನೀರಿನ ಮೇಲೆ ಬೀಳುತ್ತದೆ. ಮಳೆ ಬಂದರೆ ಅದೇ ಪುಡಿ ಕೊಚ್ಚಿಕೊಂಡು ತಗ್ಗಿನ ಹಳ್ಳಗಳಿಗೆ ಇಳಿಯುತ್ತದೆ. ಆದುದರಿಂದ ಆ ಊರಿನ ಕೇಳುಗನು, ಮಳೆ ಎಲೆಯನ್ನು ತೊಳೆಯಿತು, ಸರಿ. ಆದರೆ ತೊಳೆದ ಧೂಳು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅದು ಕುಚೋದ್ಯವಲ್ಲ. ಅವನು ಪ್ರತಿದಿನ ಕಾಣುತ್ತಿರುವ ಸಂಗತಿಯನ್ನೇ ಕೇಳುತ್ತಿದ್ದಾನೆ.

ಈ ಪ್ರಶ್ನೆಯು ದೇವಶಾಸ್ತ್ರದ ನಡುಮಧ್ಯಕ್ಕೆ ಸೇರಿದ್ದೆಂಬುದು ನಮ್ಮ ಅಭಿಪ್ರಾಯ. ಕ್ಷಮಿಸಲ್ಪಟ್ಟ ಪಾಪವು ಏನಾಗುತ್ತದೆ? ಅದರ ಭಾರವನ್ನು ಯಾರು ಹೊರುತ್ತಾರೆ? ಕ್ಷಮೆ ದೊರೆತ ಮೇಲೆಯೂ ಉಳಿಯುವ ಹಾನಿಗೆ ಹೊಣೆ ಯಾರು? ಈ ಲೇಖನದಲ್ಲಿ ಸತ್ಯವೇದದ ಶಬ್ದಗಳನ್ನೂ ಗಣಿನಾಡಿನ ನೆಲವನ್ನೂ ಒಟ್ಟಿಗೆ ಇಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸಲು ಯತ್ನಿಸುತ್ತೇವೆ.

1. ಸತ್ಯವೇದದ ಮೂರು ಬಗೆಯ ಮಾತುಗಳು

ಹಳೆಯ ಒಡಂಬಡಿಕೆಯಲ್ಲಿ ಪಾಪನಿವಾರಣೆಯನ್ನು ಸೂಚಿಸುವ ಮಾತುಗಳು ಒಂದೇ ಬಗೆಯವಲ್ಲ. ಅವುಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು ತೊಳೆಯುವ ಮಾತು. ಐವತ್ತೊಂದನೆಯ ಕೀರ್ತನೆಯ ಆರಂಭದಲ್ಲಿ ಬರುವ ಹೀಬ್ರೂ ಕ್ರಿಯಾಪದವು 'ಕಾಬಸ್' ಎಂಬುದು. ಕೈಕಾಲು ತೊಳೆಯುವುದಕ್ಕೆ ಹೀಬ್ರೂ ಭಾಷೆಯಲ್ಲಿ 'ರಾಹಟ್ಸ್' ಎಂಬ ಬೇರೆ ಶಬ್ದವಿದೆ. ಯೆಶಾಯ 1:16ರಲ್ಲಿಯೂ ನಾಮಾನನ ವೃತ್ತಾಂತದಲ್ಲಿಯೂ ಬರುವುದು ಅದೇ. 'ಕಾಬಸ್' ಎಂದರೆ ಬಟ್ಟೆಯನ್ನು ತುಳಿದು, ಹಿಂಡಿ, ಕುಕ್ಕಿ ಮಡಿಮಾಡುವುದು. ಕೆರೆಯ ಕಲ್ಲಿನ ಮೇಲೆ ಅಗಸರು ಮಾಡುವ ಕೆಲಸವನ್ನು ನೋಡಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಾಕಿಯ 3:2ರಲ್ಲಿ ಕರ್ತನ ಬರುವಿಕೆಯನ್ನು ಅಗಸರ ಚೌಳಿಗೆ ಹೋಲಿಸುವಲ್ಲಿಯೂ ಇದೇ ಧಾತುವಿದೆ. ಹೀಗಿರುವಾಗ ಕೀರ್ತನೆಕಾರನು ಬೇಡುವುದು ಮೈಮೇಲೆ ಬೀಳುವ ತುಂತುರು ಮಳೆಯನ್ನಲ್ಲ, ನೂಲಿನೊಳಗೆ ಇಳಿದ ಕೊಳೆಯನ್ನು ಹೊರಗೆಡಹುವ ಬಡಿತವನ್ನು.

ಎರಡನೆಯದು ಪುಟವಿಡುವ ಮಾತು. ಲೋಹವನ್ನು ಕರಗಿಸಿ ಕಿಟ್ಟವನ್ನು ಬೇರ್ಪಡಿಸುವ ಕೆಲಸವನ್ನು ಯೆಶಾಯ 1:25, ಮಲಾಕಿಯ 3:3 ಮುಂತಾದ ವಾಕ್ಯಗಳು ದೇವರ ಕೆಲಸಕ್ಕೆ ಹೋಲಿಸುತ್ತವೆ. ಇದು ಚಿನ್ನದ ನಾಡಿಗೆ ತೀರ ಹತ್ತಿರದ ಮಾತಾದುದರಿಂದ ಮುಂದೆ ವಿವರವಾಗಿ ನೋಡೋಣ.

ಮೂರನೆಯದು ಹೊರುವ ಮಾತು. 'ನಾಸಾ' ಎಂಬ ಹೀಬ್ರೂ ಶಬ್ದಕ್ಕೆ ಎತ್ತು, ಹೊರು, ಹೊತ್ತುಕೊಂಡು ಹೋಗು ಎಂಬ ಅರ್ಥಗಳಿವೆ. ಕ್ಷಮಿಸು ಎಂಬುದಕ್ಕೂ ಅದೇ ಶಬ್ದ ಬಳಕೆಯಾಗುತ್ತದೆ. ಮೂವತ್ತೆರಡನೆಯ ಕೀರ್ತನೆಯ ಮೊದಲ ವಾಕ್ಯದಲ್ಲಿ ಧನ್ಯನೆನಿಸಿಕೊಳ್ಳುವವನು ಯಾರ ದ್ರೋಹವು ಎತ್ತಲ್ಪಟ್ಟಿದೆಯೋ ಅವನೇ. ಯಾಜಕಕಾಂಡ 16:22ರಲ್ಲಿ ಹೋತವು ಜನರ ಪಾಪಗಳನ್ನು ಹೊತ್ತು ಅಡವಿಗೆ ಹೋಗುತ್ತದೆ. ಯೆಶಾಯ 53:12ರಲ್ಲಿ ಕರ್ತನ ಸೇವಕನು ಬಹುಜನರ ಪಾಪವನ್ನು ಹೊರುತ್ತಾನೆ. ಈ ಮೂರು ಕಡೆಗಳಲ್ಲಿಯೂ ಇರುವುದು ಒಂದೇ ಕ್ರಿಯಾಪದ. ಹೀಬ್ರೂ ಭಾಷೆಯ ಈ ಬಳಕೆಯಲ್ಲಿ ಕ್ಷಮಿಸುವುದೆಂದರೆ ಪಾಪವನ್ನು ಇಲ್ಲವೆಂದು ಎಣಿಸುವುದಲ್ಲ. ಅದನ್ನು ಯಾರೋ ಎತ್ತಿ ಹೊರಬೇಕು.

ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಮಾತು, ಅದೂ ಅದರ ಬಿರುಸನ್ನು ಕಳೆದುಕೊಂಡು, ಹೆಚ್ಚಾಗಿ ಕೇಳಿಬರುತ್ತದೆ. ಎರಡನೆಯದು ಕಷ್ಟಕಾಲದ ಸಮಾಧಾನಕ್ಕೆ ಮೀಸಲಾಗಿದೆ. ಮೂರನೆಯದು ಶುಭಶುಕ್ರವಾರಕ್ಕೆ ಮೀಸಲಾಗಿದೆ. ಮೂರನ್ನೂ ಒಟ್ಟಿಗೆ ಹಿಡಿದಾಗ ಮಾತ್ರ ಗಣಿನಾಡಿನ ಪ್ರಶ್ನೆಗೆ ಉತ್ತರ ದೊರೆಯುವುದೆಂದು ತೋರುತ್ತದೆ.

2. ಪುಟಕ್ಕಿಟ್ಟ ಚಿನ್ನ ಮತ್ತು ಉಳಿದ ದಿಬ್ಬ

ಬಂಗಾರಪೇಟೆಯ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗೆ ಹೋಗುವ ಕವಲು ರೈಲುದಾರಿಯನ್ನು ಹಾಕಿದ್ದು ಗಣಿಗಳಿಗಾಗಿ. ಬಂಗಾರಪೇಟೆಯ ಹೆಸರನ್ನು ಕೇಳಿದವರು ಅದು ಬಂಗಾರದಿಂದ ಬಂದದ್ದೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನಿಂದ ಬಂದ ಬೌರಿಂಗ್‌ಪೇಟೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿನ ಗಣಿಗಳ ಆಡಳಿತಕ್ಕೆ ಕೈಹಾಕಿದಂದಿನಿಂದ 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚುವವರೆಗೆ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಯೋಬನ ಗ್ರಂಥದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ಜನವಾಸವಿಲ್ಲದ ಕಡೆ ಸುರಂಗ ತೋಡಿ, ಹಗ್ಗಕ್ಕೆ ನೇತಾಡುತ್ತ ಕತ್ತಲೆಯೊಳಗೆ ಇಳಿಯುವ ಮನುಷ್ಯರ ವರ್ಣನೆಯನ್ನು ಈ ಊರಿನಷ್ಟು ಚೆನ್ನಾಗಿ ತಿಳಿದುಕೊಳ್ಳಬಲ್ಲ ಸಭೆಗಳು ಕರ್ನಾಟಕದಲ್ಲಿ ಬಹಳ ಇರಲಾರವು.

ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಮೇಲೆ ತಂದ ಬಿಳಿಗಲ್ಲಿನ ಅದಿರನ್ನು ಮೊದಲು ಕುಟ್ಟಿ ಹಿಟ್ಟುಮಾಡುತ್ತಿದ್ದರು. ಬಿಡಿಬಿಡಿಯಾಗಿ ಸಿಕ್ಕುವ ಚಿನ್ನದ ಕಣಗಳನ್ನು ಪಾದರಸವು ಹಿಡಿದುಕೊಳ್ಳುತ್ತಿತ್ತು. ಉಳಿದ ಹಿಟ್ಟನ್ನು ಸುಣ್ಣ ಬೆರೆಸಿದ ಸೈನೈಡ್ ದ್ರಾವಣದಲ್ಲಿ ಕಲಸಿದಾಗ, ಗಾಳಿಯ ಆಮ್ಲಜನಕದ ನೆರವಿನಿಂದ, ಕಣ್ಣಿಗೆ ಕಾಣದ ಚಿನ್ನವೂ ಕರಗಿ ನೀರಿಗೆ ಬರುತ್ತಿತ್ತು. ಆ ನೀರಿಗೆ ಸತುವನ್ನು ಸೇರಿಸಿ ಚಿನ್ನವನ್ನು ಮರಳಿ ಪಡೆದು, ಬಿಳಿಗಾರದೊಡನೆ ಮೂಸೆಯಲ್ಲಿ ಕರಗಿಸಿ ಗಟ್ಟಿಯಾಗಿ ಎರೆಯುತ್ತಿದ್ದರು. ಕಿಟ್ಟವು ಮೇಲೆ ತೇಲುತ್ತಿತ್ತು. ಚಿನ್ನವು ತಳದಲ್ಲಿ ನಿಲ್ಲುತ್ತಿತ್ತು.

ಪ್ರವಾದಿಗಳು ಹೇಳಿದ ಪುಟಪಾಕದ ಮಾತಿಗೆ ಇದಕ್ಕಿಂತ ಹತ್ತಿರದ ವಿವರಣೆ ಬೇಕಾಗಿಲ್ಲ. ಮಲಾಕಿಯನು ಕಾಣುವ ಅಕ್ಕಸಾಲಿಗನು ಕುಳಿತುಕೊಂಡು ಕೆಲಸ ಮಾಡುತ್ತಾನೆ. ಅವನು ಕುಲುಮೆಯನ್ನು ಬಿಟ್ಟು ಎದ್ದುಹೋಗುವುದಿಲ್ಲ. ಬೆಂಕಿಯ ಉದ್ದೇಶ ಲೋಹವನ್ನು ನಾಶಮಾಡುವುದಲ್ಲ, ಅದರಲ್ಲಿ ಸೇರಿಕೊಂಡ ಪರವಸ್ತುವನ್ನು ಬಿಡಿಸುವುದು. ಪಾಪವು ಮನುಷ್ಯನ ನಿಜಸ್ವಭಾವವಲ್ಲ, ಅವನಲ್ಲಿ ಬೆರೆತುಕೊಂಡ ಕಿಟ್ಟ. ದೇವರ ಸ್ವರೂಪವೇ ಅವನ ನಿಜವಾದ ಲೋಹ. ಈ ಅಂಶವನ್ನು ನಾವು ಬಿಡಲಾಗದು.

ಆದರೆ ಗಣಿನಾಡು ಈ ರೂಪಕದ ಇನ್ನೊಂದು ಮಗ್ಗುಲನ್ನೂ ನಮಗೆ ತೋರಿಸುತ್ತದೆ. ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ದಿಬ್ಬ. ಹೀಗೆ ಉಳಿದ ಪುಡಿಯ ಪ್ರಮಾಣ ಮೂರು ಕೋಟಿ ಟನ್ನಿಗೂ ಹೆಚ್ಚು. ಶುದ್ಧವಾದದ್ದು ರೈಲು ಹತ್ತಿ ದೂರದ ಖಜಾನೆಗಳಿಗೆ ಹೋಯಿತು. ಶುದ್ಧಿಮಾಡುವಾಗ ಹೊರಬಿದ್ದದ್ದು ಶುದ್ಧಿಮಾಡಿದವರ ಮನೆಯ ಹಿತ್ತಲಿನಲ್ಲಿ ಉಳಿಯಿತು. ಆಳದಲ್ಲಿ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಎದೆಯಲ್ಲಿ ತುಂಬಿ ಸಿಲಿಕೋಸಿಸ್‌ನಿಂದ ಉಸಿರು ಕಟ್ಟಿದವರು ಈ ಊರಿನ ಪ್ರತಿಯೊಂದು ಸಭೆಯ ನೆನಪಿನಲ್ಲಿದ್ದಾರೆ. ಹಾಗಾದರೆ ಒಬ್ಬರ ಶುದ್ಧಿಯು ಇನ್ನೊಬ್ಬರ ಅಂಗಳದಲ್ಲಿ ಕೊಳೆಯ ರಾಶಿಯಾಗಿ ಬೀಳುವ ಶುದ್ಧೀಕರಣವನ್ನು ದೇವರ ಕೆಲಸಕ್ಕೆ ಹೋಲಿಸಬಹುದೇ? ರೂಪಕವು ಇಲ್ಲಿ ನಿಂತುಹೋಗುತ್ತದೆ. ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಳ್ಳುವುದೂ ವ್ಯಾಖ್ಯಾನದ ಒಂದು ಭಾಗವೇ.

3. ನಿಸರ್ಗವು ತೊಳೆಯುತ್ತದೆ, ಆದರೆ ಕ್ಷಮಿಸುವುದಿಲ್ಲ

ನಿಸರ್ಗದಲ್ಲಿ ಶುದ್ಧೀಕರಣದ ಕ್ರಿಯೆಗಳು ನಿಜವಾಗಿಯೂ ನಡೆಯುತ್ತಿವೆ. ಬಿಸಿಲಿಗೆ ನೀರು ಆವಿಯಾಗುವಾಗ ಉಪ್ಪನ್ನೂ ಮಣ್ಣನ್ನೂ ಕೆಳಗೆ ಬಿಟ್ಟು ಮೇಲೇರುತ್ತದೆ. ಕೆರೆಯ ಮಣ್ಣಿನ ಪದರಗಳ ಮೂಲಕ ಇಳಿಯುವ ನೀರು ಸೋಸಿಹೋಗುತ್ತದೆ. ಸೈನೈಡಿನ ವಿಷಯದಲ್ಲಿಯೂ ಇದು ಸತ್ಯ. ತೆರೆದ ದಿಬ್ಬದ ಮೇಲೆ ಬಿದ್ದ ಸೈನೈಡ್ ಬಿಸಿಲು, ಗಾಳಿ, ಸೂಕ್ಷ್ಮಜೀವಿಗಳ ಕೆಲಸದಿಂದ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಹೆಸರು ಹೇಳಿದರೇ ಭಯವಾಗುವ ವಿಷವನ್ನು ಸೃಷ್ಟಿಕರ್ತನು ಇಟ್ಟ ಸಾಧಾರಣ ಕ್ರಮಗಳು ಸದ್ದಿಲ್ಲದೆ ನಿವಾರಿಸುತ್ತವೆ ಎಂಬುದರಲ್ಲಿ ಕೃತಜ್ಞತೆಗೆ ಕಾರಣವಿದೆ.

ಆದರೆ ಎಲ್ಲವೂ ಹಾಗೆ ಒಡೆದುಹೋಗುವುದಿಲ್ಲ. ಅದಿರಿನೊಡನೆ ಮೇಲೆ ಬಂದ ಭಾರಲೋಹಗಳ ಅಂಶಗಳು ಮೂಲವಸ್ತುಗಳಾದುದರಿಂದ ಅವುಗಳಿಗೆ ಕೊಳೆಯುವಿಕೆಯಿಲ್ಲ. ಅವು ಸ್ಥಳ ಬದಲಾಯಿಸಬಲ್ಲವು, ಇಲ್ಲವಾಗಲಾರವು. ಕಲ್ಲಿನ ನುಣ್ಣನೆಯ ಪುಡಿಯೂ ಅಂತೆಯೇ. ದಿಬ್ಬದಿಂದ ಮಳೆ ಕೊಚ್ಚಿಕೊಂಡು ಹೋದದ್ದು ಹಳ್ಳದ ತಳದಲ್ಲಿ, ಹೊಲದ ಮಣ್ಣಿನಲ್ಲಿ, ಕೆರೆಯ ಹೂಳಿನಲ್ಲಿ ಇರುತ್ತದೆ. ದಿಬ್ಬದ ಮೈ ತೊಳೆದಂತೆ ಕಂಡರೂ ಭೂಮಿಯ ಲೆಕ್ಕದಲ್ಲಿ ಏನೂ ಕಳೆದಿಲ್ಲ.

ಇದರಿಂದ ನಿಸರ್ಗದ ಸಾಕ್ಷಿಯ ಮಿತಿಯನ್ನು ಕಾಣುತ್ತೇವೆ. ಅದು ದೇವರ ಕರುಣೆಗೆ ಸಾಕ್ಷಿ ಹೇಳುತ್ತದೆ. ಆದರೆ ಅದೇ ಉಸಿರಿನಲ್ಲಿ ಮನುಷ್ಯನು ಬಿತ್ತಿದ್ದನ್ನೇ ಕೊಯ್ಯಬೇಕೆಂಬ ನಿಯಮವನ್ನೂ (ಗಲಾತ್ಯ 6:7) ಸಾರುತ್ತದೆ. ಹೋಶೇಯನು ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಸುಳ್ಳು, ಕೊಲೆ, ಕಳವುಗಳ ಪಟ್ಟಿಯನ್ನು ಕೊಟ್ಟ ಮರುಕ್ಷಣವೇ ದೇಶವು ದುಃಖಿಸುತ್ತದೆಂದೂ ಮೃಗ, ಪಕ್ಷಿ, ಮೀನುಗಳು ಇಲ್ಲವಾಗುತ್ತವೆಂದೂ ಹೇಳುತ್ತಾನೆ. ಅರಣ್ಯಕಾಂಡ 35:33ರ ಪ್ರಕಾರ ಸುರಿಸಿದ ರಕ್ತವು ನೆಲವನ್ನೇ ಅಪವಿತ್ರಗೊಳಿಸುತ್ತದೆ. ಭೂಮಿಗೆ ನೆನಪುಂಟು, ಅದಕ್ಕೆ ಕ್ಷಮಿಸುವ ಅಧಿಕಾರವಿಲ್ಲ. ಕ್ಷಮೆಯೆಂಬುದು ವ್ಯಕ್ತಿಯೊಬ್ಬನು ವ್ಯಕ್ತಿಯೊಬ್ಬನಿಗೆ ಕೊಡುವಂಥದು; ಅದು ದೇವರ ಬಾಯಿಂದ ಬರಬೇಕೇ ಹೊರತು ಮಳೆಯಿಂದ ಬರಲಾರದು. ಸೃಷ್ಟಿಯು ತಾನೇ ಬಿಡುಗಡೆಗಾಗಿ ನರಳುತ್ತಿದೆಯೆಂದು ಪೌಲನು ಹೇಳುವುದು (ರೋಮಾಪುರದವರಿಗೆ 8:19–22) ಇದಕ್ಕೆ ಒಪ್ಪುವ ಮಾತು. ನರಳುತ್ತಿರುವದನ್ನು ನಾವು ಸಾಕ್ಷಿಯಾಗಿ ಕರೆಯಬಹುದು, ರಕ್ಷಕನೆಂದು ಕರೆಯಲಾಗದು.

4. ಹೊತ್ತುಕೊಂಡು ಹೋದವನು

ತೊಳೆದ ಧೂಳು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಈಗ ಬರೋಣ. ಇಸ್ರಾಯೇಲರ ದೋಷಪರಿಹಾರಕ ದಿನದ ಆಚರಣೆ ಈ ಪ್ರಶ್ನೆಯನ್ನು ಎದುರಿಸುವಂತೆ ತೋರುತ್ತದೆ. ಅಂದು ಎರಡು ಹೋತಗಳು ಬೇಕಾಗಿದ್ದವು. ಒಂದರ ರಕ್ತದಿಂದ ಪವಿತ್ರಸ್ಥಾನವು ಶುದ್ಧವಾಗುತ್ತಿತ್ತು. ಆದರೆ ಶುದ್ಧಿಯಾದ ಮೇಲೂ ಜನರ ಪಾಪಗಳನ್ನು ಇನ್ನೊಂದು ಹೋತದ ತಲೆಯ ಮೇಲೆ ಅರಿಕೆಮಾಡಿ, ಅದನ್ನು ಜನವಸತಿಯಿಲ್ಲದ ಅಡವಿಗೆ ಕಳುಹಿಸಬೇಕಾಗಿತ್ತು. ತೊಳೆಯುವುದು ಬೇರೆ, ಹೊರಗೆ ಸಾಗಿಸುವುದು ಬೇರೆ. ಅಡವಿಗೆ ಎಂಬುದನ್ನು ಗಮನಿಸಬೇಕು. ನೆರೆಯವರ ಊರಿಗೆ ಅಲ್ಲ.

ಮನುಷ್ಯರು ಮಾಡುವ ಶುದ್ಧೀಕರಣವು ಬಹುಮಟ್ಟಿಗೆ ಇದಕ್ಕೆ ವ್ಯತಿರಿಕ್ತವಾಗಿದೆ. ನಮ್ಮ ಮನೆ ಚೊಕ್ಕಟವಾಗಲು ಕಸವು ಬೀದಿಗೆ ಬೀಳುತ್ತದೆ. ನಮ್ಮ ನಗರ ಚೊಕ್ಕಟವಾಗಲು ಅದು ಹಳ್ಳಿಗೆ ಬೀಳುತ್ತದೆ. ನಮ್ಮ ಮನಸ್ಸಾಕ್ಷಿಯ ವಿಷಯದಲ್ಲಿಯೂ ಹೀಗೆಯೇ. ತಪ್ಪನ್ನು ಹೆಂಡತಿಯ ಮೇಲೆ, ಕೆಳಗಿನ ನೌಕರನ ಮೇಲೆ, ಕಾಲದ ಮೇಲೆ ಹೊರಿಸಿ ನಾವು ಹಗುರಾಗುತ್ತೇವೆ. ಏದೆನಿನ ತೋಟದಲ್ಲಿ ಆದಾಮನು ಮಾಡಿದ್ದು ಇದನ್ನೇ. ಇದು ಶುದ್ಧೀಕರಣವಲ್ಲ, ಸ್ಥಳಾಂತರ.

ಶಿಲುಬೆಯಲ್ಲಿ ಈ ಸ್ಥಳಾಂತರದ ಸರಪಣಿ ನಿಲ್ಲುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯು (13:11–13) ಯೇಸು ಪಟ್ಟಣದ ಬಾಗಿಲಿನ ಹೊರಗೆ ಬಾಧೆಪಟ್ಟನೆಂದು ನೆನಪಿಸುತ್ತದೆ. ಪಾಳೆಯದಿಂದ ಹೊರಗೆ ಹಾಕಿದ್ದೆಲ್ಲ ಬೀಳುತ್ತಿದ್ದ ಸ್ಥಳಕ್ಕೆ ಆತನು ತಾನೇ ಹೋದನು. ಸ್ನಾನಿಕನಾದ ಯೋಹಾನನು ಆತನನ್ನು ಲೋಕದ ಪಾಪವನ್ನು ಎತ್ತಿಕೊಂಡು ಹೋಗುವ ಕುರಿಮರಿಯೆಂದು ತೋರಿಸುವಾಗ (ಯೋಹಾನ 1:29) ಅಲ್ಲಿಯೂ ಎತ್ತು, ಹೊರು ಎಂಬ ಅರ್ಥವೇ ಇದೆ. ಆತನು ಪಾಪವನ್ನು ಇನ್ನೊಬ್ಬರ ಹಿತ್ತಲಿಗೆ ಸರಿಸಲಿಲ್ಲ. ತನ್ನ ದೇಹದಲ್ಲಿಯೇ ತೆಗೆದುಕೊಂಡನು. ಮೀಕನು ತನ್ನ ಗ್ರಂಥದ ಕಡೆಯಲ್ಲಿ ದೇವರು ಪಾಪಗಳನ್ನು ಸಮುದ್ರದ ಆಳಕ್ಕೆ ಹಾಕುವನೆಂದು ಹೇಳುವುದು ಆ ಪಾಪಗಳು ಯಾರ ಮೇಲೂ ಮತ್ತೆ ಬೀಳವು ಎಂಬ ಭರವಸೆಯಿಂದ. ಗಣಿನಾಡಿನ ಕೇಳುಗನಿಗೆ ನಾವು ಕೊಡಬೇಕಾದ ಉತ್ತರ ಇದೇ: ಧೂಳು ಎಲ್ಲಿಗೂ ಹಾರಿಹೋಗಲಿಲ್ಲ, ಅದನ್ನು ಒಬ್ಬನು ಹೊತ್ತಿದ್ದಾನೆ.

ಹೀಗೆ ಹೇಳುವವರು ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಪಟ್ಟಣದ ಹೊರಗೆ ಹೋದ ಕರ್ತನನ್ನು ಕಾಣಲು ಸಭೆಯೂ ಅಲ್ಲಿಗೇ ಹೋಗಬೇಕೆಂದು ಅದೇ ಪತ್ರಿಕೆ ಹೇಳುತ್ತದೆ. ಊರಿನ ಕೊಳೆ ಎಲ್ಲಿ ಬಿದ್ದಿದೆಯೋ ಅಲ್ಲಿ ವಾಸಿಸುವವರ ನಡುವೆ ಆತನು ಮೊದಲೇ ಇದ್ದಾನೆ.

5. ಕೆರೆಯ ಪಾಠ: ಕ್ಷಮೆಯೂ ಪವಿತ್ರೀಕರಣವೂ

ಪಾಪವು ಹೊರಲ್ಪಟ್ಟಿದೆಯೆಂದ ಮೇಲೆ ಹಾನಿಯು ಏಕೆ ಉಳಿದಿದೆ? ಇಲ್ಲಿ ಸಭೆಯು ಮೊದಲಿನಿಂದಲೂ ಕಲಿಸಿಕೊಂಡು ಬಂದ ಒಂದು ಭೇದವು ನೆರವಾಗುತ್ತದೆ. ಕ್ಯಾಲ್ವಿನನು ಕ್ರಿಸ್ತನಿಂದ ದೊರೆಯುವ ಇಮ್ಮಡಿ ಕೃಪೆಯನ್ನು ಕುರಿತು ಬರೆದನು: ನೀತಿವಂತರೆಂಬ ನಿರ್ಣಯ ಮತ್ತು ಪವಿತ್ರೀಕರಣ. ಎರಡನ್ನೂ ಗೊಂದಲ ಮಾಡಬಾರದು, ಎರಡನ್ನೂ ಅಗಲಿಸಲೂಬಾರದು. ಕೋಲಾರ ಪ್ರಾಂತದಲ್ಲಿ ಬೇರೂರಿರುವ ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು ಮೊದಲನೆಯದನ್ನು ದೇವರು ತನ್ನ ಮಗನ ಮೂಲಕ ನಮಗೋಸ್ಕರ ಮಾಡುವ ಕೆಲಸವೆಂದೂ ಎರಡನೆಯದನ್ನು ತನ್ನ ಆತ್ಮನ ಮೂಲಕ ನಮ್ಮೊಳಗೆ ಮಾಡುವ ಕೆಲಸವೆಂದೂ ವಿವರಿಸಿದನು. ಕ್ಷಮೆಯು ಒಂದು ಕ್ಷಣದಲ್ಲಿ ಪೂರ್ಣವಾಗಿ ದೊರೆಯುತ್ತದೆ. ಶುದ್ಧೀಕರಣವು ಕಾಲವನ್ನು ತೆಗೆದುಕೊಳ್ಳುತ್ತದೆ.

ಇದಕ್ಕೆ ಕೋಲಾರದ ಕೆರೆಗಳು ದೃಷ್ಟಾಂತವಾಗಬಲ್ಲವು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಹಿಂದಿನವರು ಕೆರೆಗಳನ್ನು ಸರಪಣಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದಲೇ ಗಣಿನಗರವು ಬಹುಕಾಲ ಕುಡಿಯುವ ನೀರನ್ನು ಪಡೆಯಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದವು. ಕೊಳವೆಬಾವಿಗಳಿಗೆ ಜೀವ ಬಂದಿತು. ಅದೇ ಸಮಯದಲ್ಲಿ ಎರಡನೆಯ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಆಗಬೇಕೆಂದು ಜಿಲ್ಲೆಯ ಹೋರಾಟಗಾರರು ನ್ಯಾಯಾಲಯದವರೆಗೆ ಹೋದರು. ಅವರ ಬೇಡಿಕೆಯ ಹಿಂದಿರುವ ವಿವೇಕವನ್ನು ದೇವಶಾಸ್ತ್ರದ ವಿದ್ಯಾರ್ಥಿಗಳು ಮನಗಾಣಬೇಕು. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ಹಾಗೆಂದು ಸಂಸ್ಕರಣೆ ಮುಗಿಯುವವರೆಗೆ ಆ ನೀರಿಗೆ ಬೆಲೆಯೇ ಇಲ್ಲವೆಂದೂ ಅಲ್ಲ.

ಯೆಹೆಜ್ಕೇಲನ ದರ್ಶನದಲ್ಲಿ (ಅಧ್ಯಾಯ 47) ದೇವಾಲಯದ ಹೊಸ್ತಿಲಿನಿಂದ ಹೊರಟ ಸಣ್ಣ ತೊರೆಯು ಆಳವಾದ ನದಿಯಾಗಿ ಉಪ್ಪುಸಮುದ್ರವನ್ನೂ ಸಿಹಿಮಾಡುತ್ತದೆ. ಅಲ್ಲಿ ಬಳಸಿರುವ ಶಬ್ದವು 'ವಾಸಿಯಾಗುವುದು' ಎಂಬರ್ಥದ್ದು. ಎಲೀಷನು ಯೆರಿಕೋವಿನ ಕೆಟ್ಟ ನೀರನ್ನು ಸರಿಪಡಿಸಿದಾಗಲೂ (2 ಅರಸುಗಳು 2:19–22) ಅದೇ ಶಬ್ದ. ಎಲೀಷನು ಮನೆಮನೆಯ ಕೊಡಗಳಿಗೆ ಉಪ್ಪು ಹಾಕಲಿಲ್ಲ, ನೀರಿನ ಬುಗ್ಗೆಗೇ ಹೋದನು. ಕ್ಷಮೆಯು ದೇವರ ಮುಂದೆ ನಮ್ಮ ಮೇಲಿದ್ದ ದೋಷವನ್ನು ತೆಗೆಯುತ್ತದೆ. ವಾಸಿಮಾಡುವ ಕೃಪೆಯು ನಮ್ಮ ಬುಗ್ಗೆಯನ್ನೇ ಮುಟ್ಟುತ್ತದೆ, ಅಲ್ಲಿಂದ ಕೋಡಿಬಿದ್ದು ನೆರೆಯವನ ಕೆರೆಗೂ ಹರಿಯಬೇಕಾಗುತ್ತದೆ.

6. ಸಭಾಪಾಲನೆಗೆ ಸಂಬಂಧಿಸಿದ ಕೆಲವು ಮಾತುಗಳು

ಮೇಲಿನ ವಿಚಾರಗಳು ಬೋಧಿಸುವವರ ಮೇಲೆ ಕೆಲವು ಹೊಣೆಗಳನ್ನು ಇಡುತ್ತವೆ.

ಮೊದಲನೆಯದಾಗಿ, ಶುದ್ಧಿಯ ಮಾತನ್ನು ಆಡುವಾಗ ನಾವು ಎಲ್ಲಿ ನಿಂತಿದ್ದೇವೆಂಬುದನ್ನು ಮರೆಯಬಾರದು. ನಮ್ಮ ಭಾಷೆಯಲ್ಲಿ ಮಡಿ, ಮೈಲಿಗೆ ಎಂಬ ಶಬ್ದಗಳು ನಿರ್ದೋಷವಾದವುಗಳಲ್ಲ. ಗಣಿಗಳ ಆಳಕ್ಕೆ ಇಳಿದವರಲ್ಲಿ ಬಹುಪಾಲು ಜನರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ದಲಿತರು. ಇಂದಿನ ಸಭೆಗಳಲ್ಲಿ ಕುಳಿತಿರುವ ಅನೇಕರು ಅವರ ಮೊಮ್ಮಕ್ಕಳು. ಕೊಳೆಯ ಕೆಲಸವನ್ನು ಅವರಿಂದ ಮಾಡಿಸಿ, ಬಳಿಕ ಅವರನ್ನೇ ಕೊಳೆಯೆಂದು ಕರೆದ ಸಮಾಜದಲ್ಲಿ, ನೀವು ತೊಳೆಯಲ್ಪಡಬೇಕು ಎಂಬ ಮಾತು ಹಳೆಯ ಅವಮಾನದ ಪ್ರತಿಧ್ವನಿಯಾಗಿ ಕೇಳಿಸುವ ಅಪಾಯವಿದೆ. ಮಾರ್ಕ 7ರಲ್ಲಿ ಕರ್ತನು ಹೊಲೆಯ ಮೂಲವನ್ನು ಕೈಯಿಂದಲೂ ಆಹಾರದಿಂದಲೂ ತೆಗೆದು ಹೃದಯದೊಳಗೆ ತೋರಿಸಿದನು. ಧೂಳು ಮೆತ್ತಿದ ಮೈ ಅಶುದ್ಧವಲ್ಲ. ಆ ಮೈಯ ದುಡಿಮೆಯ ಫಲವನ್ನು ಉಂಡು, ಅದರ ಎದೆಬೇನೆಯನ್ನು ಕಾಣದವರ ಕೈ ಹೊರಗೆ ಬಿಳುಪಾಗಿದ್ದರೂ ಯೆಶಾಯ 1:15ರ ತೀರ್ಪಿಗೆ ಗುರಿಯಾಗುತ್ತದೆ. ಯೆಶಾಯನು ಹಿಮದ ಬಿಳುಪನ್ನು ವಾಗ್ದಾನ ಮಾಡುವ ಮೊದಲು ನ್ಯಾಯವನ್ನು ಅಭ್ಯಾಸಮಾಡಿರೆಂದು, ಅನಾಥರ ಮತ್ತು ವಿಧವೆಯರ ಪಕ್ಷವನ್ನು ಹಿಡಿಯಿರೆಂದು ಬುದ್ಧಿಹೇಳಿದನು. ಹದಿನೆಂಟನೆಯ ವಾಕ್ಯವನ್ನು ಓದುವವರು ಹದಿನೇಳನೆಯದನ್ನು ಬಿಟ್ಟು ಓದಬಾರದು.

ಎರಡನೆಯದಾಗಿ, ಅರಿಕೆಯ ಜೊತೆಗೆ ಹಿಂದಿರುಗಿಸುವುದನ್ನೂ ಕಲಿಸಬೇಕು. ಜಕ್ಕಾಯನು ಕೃಪೆಯನ್ನು ಕೊಂಡುಕೊಳ್ಳಲು ನಾಲ್ಕರಷ್ಟು ಕೊಡಲಿಲ್ಲ. ಕರ್ತನು ಅವನ ಮನೆಗೆ ಬಂದದ್ದು ಮೊದಲು, ಹಿಂದಿರುಗಿಸುವ ಮಾತು ಆಮೇಲೆ. ಆದರೆ ಆ ಮಾತು ಬಾರದೆ ಹೋಗಿದ್ದರೆ ಅವನ ಮನೆಗೆ ರಕ್ಷಣೆ ಬಂದಿತೆಂದು ಜನರು ನಂಬುತ್ತಿದ್ದರೇ? ದಿಬ್ಬದ ಇಳಿಜಾರಿನಲ್ಲಿ ಗಿಡ ನೆಡುವವನು ನೂರು ವರ್ಷದ ಪಾಪಕ್ಕೆ ಪ್ರಾಯಶ್ಚಿತ್ತ ಮಾಡುತ್ತಿಲ್ಲ. ಅದು ಅವನಿಂದಾಗದು, ಆಗಬೇಕಾಗಿಯೂ ಇಲ್ಲ. ಆದರೆ ಬೇರುಗಳು ಹಿಡಿದಷ್ಟು ಧೂಳು ಮುಂದಿನ ಆಷಾಢದಲ್ಲಿ ಮಕ್ಕಳ ಮೂಗಿಗೆ ಹಾರುವುದಿಲ್ಲ. ಕ್ಷಮೆ ಹೊಂದಿದವರ ಕೆಲಸ ಈ ಬಗೆಯದು.

ಮೂರನೆಯದಾಗಿ, ಅನ್ಯಾಯಕ್ಕೆ ಒಳಗಾದವರಿಂದ ಕ್ಷಮೆಯನ್ನು ಅವಸರದಿಂದ ಕೇಳಬಾರದು. ಗಣಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಇಂದಿಗೂ ಉಳಿದಿರುವ ನೋವನ್ನು ನಾವು ಬಲ್ಲೆವು. ಅವರ ಮಕ್ಕಳು ಬೆಳಗಿನ ಜಾವವೇ ಎದ್ದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ರೈಲು ಹಿಡಿದು, ರಾತ್ರಿ ಹಿಂದಿರುಗುತ್ತಾರೆ. ನೀವು ಕ್ಷಮಿಸಿಬಿಡಿ ಎಂದು ಅವರಿಗೆ ಹೇಳುವುದು ಸುಲಭ. ಆದರೆ ಕ್ಷಮಿಸುವುದೆಂದರೆ ಹೊರುವುದಾದರೆ, ಬೆನ್ನು ಬಾಗಿದವನ ಮೇಲೆ ಇನ್ನೊಂದು ಹೊರೆಯನ್ನು ಇಡುವ ಮೊದಲು ಸಭಾಪಾಲಕನು ತನ್ನ ಹೆಗಲನ್ನು ಕೊಡಬೇಕು. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಬೇಕೆಂಬ ಅಪೊಸ್ತಲನ ಮಾತು (ಗಲಾತ್ಯ 6:2) ಕ್ಷಮೆಯ ಬೋಧನೆಯಿಂದ ಬೇರೆಯಾದದ್ದಲ್ಲ. ಕ್ಷಮೆಯು ಆಜ್ಞೆಯೂ ಹೌದು, ವರವೂ ಹೌದು; ವರವಾಗಿ ದೊರೆಯುವ ಮೊದಲು ಅದನ್ನು ಆಜ್ಞೆಯಾಗಿ ಹೇರಿದರೆ ಮನಸ್ಸಿನ ಮೇಲ್ಮೈ ಮಾತ್ರ ತೊಳೆದಂತಾಗಿ ಕಹಿ ಒಳಗೆ ಇಳಿಯುತ್ತದೆ.

ನಾಲ್ಕನೆಯದಾಗಿ, ಸಂಸ್ಕಾರಗಳನ್ನು ನಡೆಸುವಾಗ ಅವುಗಳ ದ್ರವ್ಯಗಳನ್ನು ಗೌರವದಿಂದ ಕಾಣಬೇಕು. ದೀಕ್ಷಾಸ್ನಾನದ ನೀರನ್ನು ಇಂಥ ಊರಿನಲ್ಲಿ ಎಲ್ಲಿಂದ ತಂದೆವೆಂಬುದು ಸಣ್ಣ ಮಾತಲ್ಲ. ಸಾವಿರ ಅಡಿ ಕೊರೆದರೂ ಸಿಹಿನೀರು ಸಿಕ್ಕುವುದೆಂಬ ಭರವಸೆಯಿಲ್ಲದ ಜಿಲ್ಲೆಯಲ್ಲಿ ಒಂದು ಬೋಗುಣಿ ಶುದ್ಧವಾದ ನೀರು ತಾನೇ ಒಂದು ಪ್ರಸಂಗ. ಆ ನೀರಿನಲ್ಲಿ ಮಗುವನ್ನು ಕ್ರಿಸ್ತನ ಹೆಸರಿಗೆ ಸೇರಿಸುವ ಸಭೆಯು, ಆ ಮಗು ಬೆಳೆದು ಕುಡಿಯುವ ನೀರಿನ ವಿಷಯದಲ್ಲಿ ಉದಾಸೀನವಾಗಿರಲಾರದು.

ಸಮಾಪ್ತಿ

ನಿಸರ್ಗದಲ್ಲಿ ಕ್ಷಮೆಯ ಪ್ರತಿಬಿಂಬವನ್ನು ಕಾಣುವುದು ತಪ್ಪಲ್ಲ. ಪ್ರತಿಬಿಂಬವನ್ನೇ ಬಿಂಬವೆಂದು ತಿಳಿಯುವುದು ತಪ್ಪು. ಮಳೆಯು ತೊಳೆಯುತ್ತದೆ, ಆದರೆ ಕೊಳೆಯನ್ನು ಕೆಳಗಿನವರಿಗೆ ಕಳುಹಿಸುತ್ತದೆ. ಬೆಂಕಿಯು ಶುದ್ಧಿಮಾಡುತ್ತದೆ, ಆದರೆ ಕಿಟ್ಟವನ್ನು ಪಕ್ಕದಲ್ಲಿ ಬಿಡುತ್ತದೆ. ಭೂಮಿಯು ಸಹಿಸುತ್ತದೆ, ಆದರೆ ಮರೆಯುವುದಿಲ್ಲ. ಈ ಮೂರೂ ಸಾಕ್ಷಿಗಳು ತಮ್ಮ ಕೊರತೆಯ ಮೂಲಕವೇ ಪಾಪವನ್ನು ತನ್ನಲ್ಲಿ ತೆಗೆದುಕೊಂಡು ಯಾರ ಮೇಲೂ ಹಾಕದಿರುವ ಒಬ್ಬನ ಕಡೆಗೆ ಬೆರಳು ತೋರಿಸುತ್ತವೆ.

ಆದುದರಿಂದ ಹುಣಿಸೆಯ ಎಲೆಯ ದೃಷ್ಟಾಂತವನ್ನು ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಅದನ್ನು ಹೇಳಿದ ಮೇಲೆ ಅಲ್ಲಿಗೇ ನಿಲ್ಲಬೇಡಿರೆಂದು ಮಾತ್ರ ನಮ್ಮ ವಿನಂತಿ. ಎಲೆಯಿಂದ ಜಾರಿದ ನೀರಿನ ಜೊತೆಗೆ ಕೆಳಗೆ ಇಳಿದು, ಹಳ್ಳವನ್ನೂ ಕೆರೆಯನ್ನೂ ದಾಟಿ, ಕೊಳೆ ನಿಂತಿರುವ ಸ್ಥಳಕ್ಕೆ ಹೋಗಬೇಕು. ನಮ್ಮ ಕರ್ತನ ಶಿಲುಬೆ ನೆಟ್ಟದ್ದು ಅಂಥ ಸ್ಥಳದಲ್ಲಿ. ಅಲ್ಲಿ ನಿಂತು ಸಾರುವ ಕ್ಷಮೆಯನ್ನು ಚಿನ್ನದ ಗಣಿಯ ಜನರು ಸಂಶಯವಿಲ್ಲದೆ ಕೇಳುವರೆಂದು ನಾವು ನಂಬುತ್ತೇವೆ.